ಬೊಹೀಮಿಯಾ ಲೋಟದ ಅಂಜನ

ಮನುಷ್ಯನಿಗೆ ಅರವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಯಾದರೂ ಬರಬೇಕು, ಹವ್ಯಾಸವಾದರೂ ಬರಬೇಕು. ಸಹಕಾರನಗರದ ರಘುನಾಥರಿಗೆ ಎರಡೂ ಒಂದೇ ವರ್ಷ ಬಂದವು. ಸಕ್ಕರೆಗೆ ಮಾತ್ರೆ ಸಿಕ್ಕಿತು. ಹವ್ಯಾಸಕ್ಕೆ ಔಷಧಿ ಇರಲಿಲ್ಲ.

ಅದು ತಗುಲಿದ್ದು ಭಾವಮೈದನಿಂದ. ಅವರ ಹೆಂಡತಿ ಕಲಾವತಿಯ ತಮ್ಮ ಸುಬ್ರಮಣಿ ಗುಂಪು ಕಟ್ಟಿಕೊಂಡು ಯೂರೋಪಿಗೆ ಹೋಗಿ, ಬಸ್ಸಿನ ಕಿಟಕಿಯಿಂದ ಕೆಲವು ದೇಶಗಳನ್ನು ನೋಡಿ, ಪ್ರಾಗ್ ಎಂಬ ಊರಿನಿಂದ ಒಂದು ಗಾಜಿನ ಲೋಟ ತಂದಿದ್ದ. ಅದನ್ನು ಅಕ್ಕನ ಮನೆಯ ಊಟದ ಮೇಜಿನ ಮೇಲೆ ಇಟ್ಟು, "ಮುಟ್ಬೇಡಿ ಭಾವ, ಬೊಹೀಮಿಯಾ ಗ್ಲಾಸು," ಎಂದ.

ರಘುನಾಥರು ಆ ಹೆಸರು ಕೇಳಿದ್ದು ಅದೇ ಮೊದಲು. ಆದರೆ ಭಾವಮೈದನ ಎದುರು 'ನನಗೆ ಗೊತ್ತಿಲ್ಲ' ಎನ್ನುವ ಸಂಪ್ರದಾಯ ನಮ್ಮ ಕುಟುಂಬಗಳಲ್ಲಿ ಇಲ್ಲ.

"ಇದ್ರ ಮೇಲೆ ಸ್ಟಿಕ್ಕರ್ ಇದೆಯಲ್ಲಯ್ಯಾ," ಎಂದರು ರಘುನಾಥರು. "ಅಸಲಿ ಬೊಹೀಮಿಯಾಗೆ ಎಲ್ಲಿಯ ಸ್ಟಿಕ್ಕರ್ರು? ಕೊರೆದೋನು ತನ್ನ ಹೆಸರನ್ನ ಚಿತ್ರದೊಳಗೇ ಬಚ್ಚಿಟ್ಟಿರ್ತಾನೆ. ನನ್ನ ಹತ್ರ ಒಂದಿದೆ. ತುಂಬಾ ಹಳೇದು."

"ಎಲ್ಲಿ, ತೋರ್ಸಿ?"

"ಪರೀಕ್ಷೇಲಿದೆ. ಗುರುತು ಪತ್ತೆ ಆದ್ಮೇಲೆ ತೋರಿಸ್ತೀನಿ."

ಲೋಟದೊಳಗೆ ಹೆಸರು ಬಚ್ಚಿಡುವ ಮಾತು ತಮ್ಮ ಬಾಯಿಗೆ ಎಲ್ಲಿಂದ ಬಂತು ಎಂಬುದು ಅವರಿಗೇ ಗೊತ್ತಿರಲಿಲ್ಲ. ಸುಬ್ರಮಣಿ ಹೋದ ಮೇಲೆ ಮೊಬೈಲಿನಲ್ಲಿ ಹುಡುಕಿ ನೋಡಿದರೆ, ಬೊಹೀಮಿಯಾ ಎಂಬುದು ಪ್ರಾಗಿನ ಸುತ್ತಲ, ಕೊರೆದ ಗಾಜಿಗೆ ಹೆಸರಾದ ಸೀಮೆ ಎಂದು ತಿಳಿಯಿತು, ಹೆಸರು ಬಚ್ಚಿಡುವ ಮಾತೂ ಮುಕ್ಕಾಲುಪಾಲು ನಿಜವಾಗಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನಾವು ದಿನವೂ ನೋಡುತ್ತೇವೆ. ಸುಳ್ಳು ಹೇಳಿ ನಿಜ ಸಿಕ್ಕಿದವರು ಅಪರೂಪ. ಈಗ ರಘುನಾಥರಿಗೆ ಉಳಿದದ್ದು, ಇದೆ ಎಂದ ಲೋಟವನ್ನು ಎಲ್ಲಿಂದಾದರೂ ತರುವುದು.

ಮರುದಿನವೇ ಆರ್.ಟಿ. ನಗರಕ್ಕೆ ಹೋಗಿ ನೂರುಲ್ಲಾನ ಹಳೇ ಸಾಮಾನಿನ ಅಂಗಡಿ ಹೊಕ್ಕರು. ಮುರಿದ ಕುರ್ಚಿ, ನಿಂತ ಗಡಿಯಾರಗಳ ಹಿಂದಿನಿಂದ ನೂರುಲ್ಲಾ ಒಂದು ಲೋಟ ತೆಗೆದ. ಉದ್ದ ಕಾಲಿನ ಲೋಟ. ಹೊರಗೆಲ್ಲ ದಾಳಿಂಬೆ ಬಣ್ಣದ ತೆಳು ಪದರ. ಆ ಪದರವನ್ನು ಕೊರೆದು ತೆಗೆದಲ್ಲಿ ಮಾತ್ರ ಬಿಳಿ ಗಾಜು ಇಣುಕಿ ಚಿತ್ರ ಮೂಡಿತ್ತು: ಒಂದು ಜಿಂಕೆ, ಅದರ ಕಾಲ ಬಳಿ ಹುಲ್ಲು, ಒಂದು ಬಾಗಿದ ಮರ, ಮರದ ಕೆಳಗೊಂದು ಬಂಡೆ.

"ಬೊಹೀಮಿಯಾ ಸಾರ್. ಕಂಟೋನ್ಮೆಂಟ್ ಬಂಗ್ಲೆ ಮಾಲು," ಎಂದ ನೂರುಲ್ಲಾ. "ಸುಳ್ಳು ಹೇಳಲ್ಲ. ಇದನ್ನ ತಗೊಂಡೋರೆಲ್ಲ ವಾಪಸ್ ತಂದಿದ್ದಾರೆ."

"ಯಾಕ್ರೀ?"

"ಜಿಂಕೆ ನೋಡುತ್ತಂತೆ ಸಾರ್."

"ಜಿಂಕೆ ನೋಡ್ದೆ ಇನ್ನೇನು ಪೇಪರ್ ಓದುತ್ತೇನ್ರೀ?"

"ಅದೇ ಸಾರ್, ನಾನೂ ಅದನ್ನೇ ಹೇಳಿದ್ದು," ಎಂದು ನೂರುಲ್ಲಾ ಲೋಟವನ್ನು ಬೇಗ ಬೇಗ ಕಾಗದದಲ್ಲಿ ಸುತ್ತಿಕೊಟ್ಟ. ಅದು ತನ್ನ ಕೈಬಿಟ್ಟ ಮೇಲೆ ಅವನ ಮುಖ ಅರಳಿದ್ದನ್ನು ರಘುನಾಥರು ಗಮನಿಸಲಿಲ್ಲ.

ರಘುನಾಥರು ಇಡೀ ಸರ್ವೀಸು ಕಳೆದದ್ದು ಗಡಿಯಾರ ಕಾರ್ಖಾನೆಯೊಂದರ ಸ್ಟೋರಿನಲ್ಲಿ. ಅಲ್ಲಿ ಅವರು ಗಡಿಯಾರ ಮುಟ್ಟಿದವರಲ್ಲ, ಡಬ್ಬಿಗಳನ್ನು ಎಣಿಸಿದವರು. ಆದರೂ ಬೀಳ್ಕೊಡುಗೆಯಲ್ಲಿ ಗೆಳೆಯರು, ಕಣ್ಣಿಗೆ ಸಿಕ್ಕಿಸಿಕೊಂಡು ನೋಡುವ ಭೂತಗನ್ನಡಿಯೊಂದನ್ನು ಕೊಟ್ಟಿದ್ದರು. ಅದೀಗ ಉಪಯೋಗಕ್ಕೆ ಬಂತು. ಹಳೇ ಗಾಜಿನ ಹುಚ್ಚಿರುವವರೆಲ್ಲ ಸೇರುವ ಒಂದು ಕೂಟ ಅಂತರ್ಜಾಲದಲ್ಲಿ ಸಿಕ್ಕಿತು. ಅಲ್ಲಿ ಬುದ್ಧಿವಾದಕ್ಕೇನೂ ಕೊರತೆ ಇರಲಿಲ್ಲ. ತಳದಲ್ಲಿ ಚಿನ್ನದ ಬಣ್ಣದ ಅಂಕಿ ಇದ್ದರೆ ಅದು ಮಾದರಿಯ ನಂಬರು, ಮಾಡಿದವನ ಗುರುತಲ್ಲ. ಹೆಸರನ್ನು ಚಿತ್ರದ ಅಂಚಿನಲ್ಲಿ, ಹುಲ್ಲಿನಲ್ಲಿ, ಕಲ್ಲಿನ ನೆರಳಲ್ಲಿ ಹುಡುಕಬೇಕು. ಬಾಯಿಂದ 'ಹಾ' ಎಂದು ಉಸಿರು ಬಿಟ್ಟರೆ ಮಂಜು ಕೂತು ಸಣ್ಣ ಗೆರೆ ಕಾಣಿಸಬಹುದು. ಅದೂ ಆಗದಿದ್ದರೆ ನುಣುಪಾದ ಕಪ್ಪನ್ನು ಹಚ್ಚಿ ಒರೆಸಿದಾಗ, ಕೊರೆದ ಜಾಗದಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಬಹುಪಾಲು ಲೋಟಗಳಿಗೆ ಹೆಸರೇ ಇರುವುದಿಲ್ಲ ಎಂದೂ ಅಲ್ಲಿ ಬರೆದಿತ್ತು. ರಘುನಾಥರು ಅದನ್ನು ಓದಲಿಲ್ಲವೆಂದಲ್ಲ. ಓದಿ, ಅದು ಬೇರೆಯವರ ಲೋಟದ ವಿಷಯ ಎಂದು ತೀರ್ಮಾನಿಸಿದರು.

ಹುಡುಕಾಟದ ಮೊದಲ ದಿನಗಳಲ್ಲಿ ಹೆಸರು ಸಿಗಲಿಲ್ಲ, ಬೇರೊಂದು ವಿಷಯ ಕಣ್ಣಿಗೆ ಬಿತ್ತು. ಬೆಳಿಗ್ಗೆ ಎಡಕ್ಕೆ ಮುಖ ಮಾಡಿದ್ದ ಜಿಂಕೆ ಮಧ್ಯಾಹ್ನ ಬಲಕ್ಕೆ ಮುಖ ಮಾಡಿತ್ತು. ರಘುನಾಥರು ಕೂಗಿದ ಕೂಗಿಗೆ ಕಲಾವತಿ ಒಗ್ಗರಣೆ ಬಿಟ್ಟು ಓಡಿಬಂದರು.

"ಅಯ್ಯೋ, ಗಾಜು ಕಣ್ರೀ ಅದು! ಆ ಕಡೆಯಿಂದ ನೋಡಿದ್ರೆ ಆ ಕಡೆ, ಈ ಕಡೆಯಿಂದ ನೋಡಿದ್ರೆ ಈ ಕಡೆ. ಇದಕ್ಕೆ ಹಿಂಗೆ ಕಿರುಚ್ತಾರಾ?"

ರಘುನಾಥರಿಗೆ ಸಮಾಧಾನವಾಯಿತು. ತಲೆ ತಗ್ಗಿಸಿ ಮೇಯುತ್ತಿದ್ದ ಜಿಂಕೆ ಈಗ ತಲೆ ಎತ್ತಿ ನಿಂತಿರುವುದಕ್ಕೂ ಯಾವುದೋ ಕಡೆಯಿಂದ ನೋಡಿದರೆ ವಿವರಣೆ ಸಿಗಬಹುದು ಎಂದುಕೊಂಡು, ಕೇಳುವುದನ್ನು ಬಿಟ್ಟರು.

ಮುಂದಿನದು ಕಪ್ಪು ಹಚ್ಚುವ ಪ್ರಯೋಗ. ಕೂಟದವರು ಹೇಳಿದ ಕಪ್ಪು ಪುಡಿ ಸಹಕಾರನಗರದಲ್ಲಿ ಸಿಗಲಿಲ್ಲ. ಕಲಾವತಿಯ ತಾಯಿ ಕಾಡಿಗೆ ಮಾಡುತ್ತಿದ್ದ ರೀತಿ ನೆನಪಾಯಿತು. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಟ್ಟೆ ಬೋರಲು ಹಾಕಿ, ಕೂತ ಮಸಿಯನ್ನು ತುಪ್ಪದಲ್ಲಿ ಕಲೆಸಿ ಲೋಟಕ್ಕೆ ಬಳಿದು ಮೆಲ್ಲಗೆ ಒರೆಸಿದರು. ಬೆಳಕು ಒಂದೇ ಕಡೆಯಿಂದ ಬರಲೆಂದು ಕಿಟಕಿಗಳ ಪರದೆ ಎಳೆದು ಬಾಗಿಲು ಮಾತ್ರ ಅರ್ಧ ತೆರೆದಿಟ್ಟರು. ದೀಪದ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು, ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಭೂತಗನ್ನಡಿ ಸಿಕ್ಕಿಸಿ, ಕರಿ ಬಳಿದ ಲೋಟದೊಳಗೆ ದೃಷ್ಟಿ ನೆಟ್ಟರು. ಗೋಡೆಯ ಮೇಲೆಲ್ಲ ಕೆಂಪು ಬೆಳಕು ನಡುಗುತ್ತಿತ್ತು.

ಸರಿಯಾಗಿ ಅದೇ ಗಳಿಗೆಗೆ ಹಾಲು ಕೊಡುವ ಗೋಪಾಲಮ್ಮ ಬಾಗಿಲಿಗೆ ಬಂದರು.

ಗೋಪಾಲಮ್ಮ ಪಕ್ಕದ ಕೊಡಿಗೇಹಳ್ಳಿಯ ಹಳೇ ಮನೆತನದವರು. ಸುತ್ತ ಕಟ್ಟಡಗಳು ಎದ್ದರೂ ಎರಡು ಹಸು ಬಿಟ್ಟಿರಲಿಲ್ಲ. ಅಂಜನ ಹಾಕಿ ನೋಡುವುದನ್ನು ಚಿಕ್ಕಂದಿನಿಂದ ಕಂಡವರು. ಕಳೆದ ವಸ್ತು ಎಲ್ಲಿದೆ, ಕದ್ದವರು ಯಾರು ಎಂದು ತಿಳಿಯಲು ಹರಳೆಣ್ಣೆಯ ಮಸಿಯನ್ನು ವೀಳ್ಯದೆಲೆಗೆ ಸವರಿ, ನೋಡುವ ಶಕ್ತಿ ಇದ್ದವರು ಅದರಲ್ಲಿ ಕಣ್ಣು ನೆಟ್ಟು ಹೇಳುತ್ತಿದ್ದರು. ಈ ಮನೆಯಲ್ಲಿ ಹಾಗೆ ನೋಡುವವರಿದ್ದಾರೆಂದು ಇಷ್ಟು ದಿನ ತಿಳಿಯದೇ ಹೋಯಿತಲ್ಲ ಎಂದು ಅವರು ಚಪ್ಪಲಿ ಕಳಚಿ, ಕೈಮುಗಿದು, ಹೊಸ್ತಿಲ ಹೊರಗೆ ನಿಂತರು. ಆವತ್ತೇ ಅವರ ಕಿವಿಯ ಒಂದು ಓಲೆ ಕಳೆದಿತ್ತು.

ಒಳಗೆ ರಘುನಾಥರು ತಮ್ಮಷ್ಟಕ್ಕೆ ತಾವು ಗೊಣಗುತ್ತಿದ್ದರು. "ಎಲ್ಲಿ ಹೋಗುತ್ತೆ... ಇಲ್ಲೇ ಇರ್ಬೇಕು... ಹುಲ್ಲಿನೊಳಗೆ... ಮುಂಗಾಲಿನ ಪಕ್ಕದಲ್ಲೇ... ಹ್ಞಾ! ಏನೋ ಹೊಳೀತಾ ಇದೆ!"

ಹೊಳೆದದ್ದು ತುಪ್ಪ. ಅಷ್ಟರಲ್ಲಿ ಹಾಲಿನ ಕ್ಯಾನನ್ನು ಅಲ್ಲೇ ಬಿಟ್ಟು ಗೋಪಾಲಮ್ಮ ಕೊಡಿಗೇಹಳ್ಳಿ ಮುಟ್ಟಿದ್ದರು. ಕೊಟ್ಟಿಗೆಯಲ್ಲಿ ಕೆಂದ ಹಸುವಿನ ಮುಂಗಾಲಿನ ಪಕ್ಕ, ಹುಲ್ಲಿನೊಳಗೆ, ಓಲೆ ಹೊಳೆಯುತ್ತ ಬಿದ್ದಿತ್ತು.

ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿಲ್ಲ ಎಂದು ತಿಳಿದವರು ಹೇಳುತ್ತಾರೆ. ಅವರು ಕೊಡಿಗೇಹಳ್ಳಿಯವರಲ್ಲ. ಸಂಜೆ ಗೋಪಾಲಮ್ಮ ಹಣ್ಣು ಕಾಯಿ ಹಿಡಿದು ಬಂದು ಕಲಾವತಿಯನ್ನು ಪಕ್ಕಕ್ಕೆ ಕರೆದರು.

"ಅವ್ವಾ, ನಿಮ್ಮೆಜಮಾನ್ರು ಉಟ್ಟುವಾಗ ಕಾಲು ಮುಂದಾಗಿ ಉಟ್ಟಿದ್ರಾ? ಅಂಗೆ ಉಟ್ದೋರಿಗೇ ಅಂಜನ ಕಾಣಾದು."

ಕಲಾವತಿ ಗಂಡನನ್ನು ಆಡಿಕೊಳ್ಳುವ ಅವಕಾಶ ಸಿಕ್ಕರೆ ಪ್ರಶ್ನೆ ಪೂರ್ತಿ ಕೇಳುವವರಲ್ಲ. "ಹುಟ್ಟಿದ್ದಷ್ಟೇ ಅಲ್ಲ ಗೋಪಾಲಮ್ಮ, ಇವತ್ತಿಗೂ ಅವರದ್ದೆಲ್ಲ ಉಲ್ಟಾನೇ," ಎಂದು ನಕ್ಕರು.

ಹೆಂಡತಿಯೇ ಸಾಕ್ಷಿ ಹೇಳಿದ ಮೇಲೆ ಇನ್ನೇನು ಬೇಕು? ಪಕ್ಕದ ಮನೆಯ ರಾಧಾಮಣಿ, ನಿವಾಸಿಗಳ ಸಂಘದ ಅಧ್ಯಕ್ಷೆ, ಪಾರ್ಕಿನ ಬೀಗದ ಕೈ ಕಳೆದುಕೊಂಡು ಬಂದರು. ರಘುನಾಥರು ತಲೆ ಎತ್ತದೆ, "ಅಂಜನಾನೂ ಇಲ್ಲ, ಮಣ್ಣೂ ಇಲ್ಲ. ನಾನು ಕಲ್ಲಿನ ನೆರಳು ನೋಡ್ತಿದೀನಿ, ತೊಂದ್ರೆ ಕೊಡ್ಬೇಡಿ," ಎಂದರು. ರಾಧಾಮಣಿ ನೇರವಾಗಿ ಪಾರ್ಕಿಗೆ ಹೋಗಿ ಕಲ್ಲುಬೆಂಚಿನ ನೆರಳಲ್ಲಿ ನೋಡಿದರು. ಬೀಗದ ಕೈ ಅಲ್ಲೇ ಇತ್ತು. 'ಅಂಜನ ಇಲ್ಲ' ಎಂದದ್ದನ್ನು ಅವರು ವಿನಯ ಎಂದುಕೊಂಡರು. ನಿಜವಾಗಿ ನೋಡುವವರು ಯಾರು ತಾನೇ ಒಪ್ಪಿಕೊಳ್ಳುತ್ತಾರೆ?

ಸುದ್ದಿ ಠಾಣೆ ಮುಟ್ಟಿತು. ಹೆಡ್ ಕಾನ್‌ಸ್ಟೇಬಲ್ ಪಂಚಪ್ಪ ಬಂದ. ಬಾಗಲಕೋಟೆ ಕಡೆಯವನು, ಮೀಸೆಗೆ ತಕ್ಕ ದನಿ.

"ಏನ್ರಿ ಸರ, ಮಾಟ ಮಂತ್ರ ಮಾಡಾಕತ್ತೀರಂತ? ಕಾನೂನು ಐತ್ರಿ ಇದಕ್ಕ. ಒಳಗ ಹಾಕಬೇಕಾಕ್ಕೈತಿ."

ರಘುನಾಥರು ಬೊಹೀಮಿಯಾ, ಕೊರೆತ, ಕೂಟ, ಭಾವಮೈದ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಪಂಚಪ್ಪ ಶ್ರದ್ಧೆಯಿಂದ ಕೇಳಿ, ಎದ್ದು ಹೋಗಿ, ಬಾಗಿಲು ಮುಂದೆ ಮಾಡಿ, ಮರಳಿ ಬಂದು ಕೂತ. ಅವನ ದನಿ ಈಗ ಅರ್ಧಕ್ಕಿಳಿದಿತ್ತು.

"ಸರ, ನಮ್ಮೂರ ಕಡೆ ಟ್ರಾನ್ಸ್‌ಫರ್ ಕೇಳಿ ಅರ್ಜಿ ಕೊಟ್ಟು ಭಾಳ ದಿನ ಆತ್ರಿ. ಎಲ್ಲಿ ಕುಂತೈತಿ ಅಂತ ತಿಳೀವಲ್ದು. ಒಂಚೂರು ಆ ಗ್ಲಾಸಿನ್ಯಾಗ ನೋಡ್ರಲ್ಲ."

"ಅಯ್ಯೋ, ನಾನು ನೋಡೋದು ಗುರುತನ್ನ ಕಣ್ರೀ! ಅದು ಮೇಲೆಲ್ಲ ಸಿಗಲ್ಲ. ಯಾವಾಗ್ಲೂ ಚಿತ್ರದ ತಳದಲ್ಲಿರುತ್ತೆ. ಎತ್ತಿ, ತಿರುಗಿಸಿ ನೋಡ್ಬೇಕು!"

ಪಂಚಪ್ಪ ಎದ್ದು ಸೆಲ್ಯೂಟ್ ಹೊಡೆದು ಹೋದ. ಮೇಲಿನ ಕಚೇರಿಯ ಗುಮಾಸ್ತರಿಗೆ ದಂಬಾಲು ಬಿದ್ದು ಕಡತಗಳ ರಾಶಿ ಎತ್ತಿಸಿದ. ಅರ್ಜಿ ತಳದಲ್ಲಿತ್ತು, ಬೋರಲಾಗಿ.

ಅಂದಿನಿಂದ ರಘುನಾಥರಿಗೆ ಮಾತಾಡಲು ಭಯವಾಯಿತು. ಏನು ಹೇಳಿದರೂ ಎಲ್ಲೋ ಏನೋ ಸಿಗುತ್ತಿತ್ತು. 'ಎಲೆ ಹಿಂದೆ' ಎಂದರೆ ಒಬ್ಬರ ಉಂಗುರ, 'ಅಂಚಿನಲ್ಲಿ' ಎಂದರೆ ಇನ್ನೊಬ್ಬರ ಕನ್ನಡಕ. ಇಡೀ ಬಡಾವಣೆಗೆ ಕಳೆದದ್ದು ಸಿಗುತ್ತಿತ್ತು, ಅವರೊಬ್ಬರಿಗೆ ಮಾತ್ರ ಹುಡುಕುತ್ತಿದ್ದದ್ದು ಸಿಗುತ್ತಿರಲಿಲ್ಲ. ಲೋಟದ ಇಂಚಿಂಚನ್ನೂ ನೋಡಿದ್ದರು. ಹುಲ್ಲಿನಲ್ಲಿ ಇರಲಿಲ್ಲ, ಕಲ್ಲಿನಲ್ಲಿ ಇರಲಿಲ್ಲ. ಫೋಟೋ ನೋಡಿದ ಕೂಟದವರು ಕೊನೆಗೆ, 'ಇದರ ಮೇಲೆ ಯಾವ ಗುರುತೂ ಇಲ್ಲ, ಕೈಬಿಡಿ' ಎಂದು ಬರೆದರು. ರಘುನಾಥರು ಕೈಬಿಡುತ್ತಿದ್ದರೋ ಏನೋ. ಆದರೆ ಲೋಟ ಅವರನ್ನು ಬಿಡಲಿಲ್ಲ. ಕೋಣೆಯ ಆ ಕಡೆ ಹೋದರೂ ಈ ಕಡೆ ಹೋದರೂ ಜಿಂಕೆಯ ಕಣ್ಣು ತಮ್ಮ ಮೇಲೇ ಇದೆ ಅನಿಸುತ್ತಿತ್ತು. ಅದರ ಮೇಲೆ ಕರವಸ್ತ್ರ ಮುಚ್ಚಿದರು. ಮುಚ್ಚಿದ ಮೇಲೆ ಅದು ಏನು ಮಾಡುತ್ತಿದೆಯೋ ಎಂಬ ಯೋಚನೆ ಹತ್ತಿ, ಮತ್ತೆ ತೆಗೆದರು.

ಒಂದು ಮಧ್ಯಾಹ್ನ ಗೋಪಾಲಮ್ಮ ಮತ್ತೆ ಬಂದರು. ಈ ಸಲ ಹಣ್ಣು ಕಾಯಿ ಇರಲಿಲ್ಲ. ಗಂಡನನ್ನು ಕೈಹಿಡಿದು ಕರೆತಂದಿದ್ದರು. ಮುನಿರಾಮಯ್ಯನವರಿಗೆ ಮರೆವಿನ ಕಾಯಿಲೆ. ಶುಭ್ರವಾದ ಪಂಚೆ, ತಲೆಗೆ ಟವೆಲ್ಲು, ಮುಖದಲ್ಲಿ ಹೊಸ ಊರಿಗೆ ಬಂದವರ ಮರ್ಯಾದೆಯ ನಗು.

"ಸ್ವಾಮಿ," ಎಂದರು ಗೋಪಾಲಮ್ಮ, "ಎಲ್ಲಾರ್ದೂ ಉಡುಕಿ ಕೊಟ್ರಿ. ನಮ್ಮೆಜಮಾನ್ರ ಗ್ಯಾನ ಎಲ್ ಓಯ್ತು, ಒಸಿ ನೋಡಿ. ಅವ್ರೆಸ್ರೇ ಅವ್ರಿಗೆ ಗೊತ್ತಿಲ್ಲ. ನನ್ನ 'ಯಾರವ್ವಾ ನೀನು, ಪುಣ್ಯಾತ್ಗಿತ್ತಿ, ಊಟ ಇಕ್ತೀಯ' ಅಂತಾರೆ. ಎಲ್ಡು ವರ್ಸಾಯ್ತು, ನನ್ನೆಸರಿಡಿದು ಕೂಗಿ."

ಬೇರೆ ಯಾರಾದರೂ ಆಗಿದ್ದರೆ ರಘುನಾಥರು ಸಿಡುಕುತ್ತಿದ್ದರು. ಈಗ ಸಿಡುಕಲೂ ಆಗಲಿಲ್ಲ, ಸುಳ್ಳು ಹೇಳಲೂ ಆಗಲಿಲ್ಲ. ಜೀವನದಲ್ಲಿ ಮೊದಲ ಸಲ ಅವರಿಗೆ, ತಾನು ನಿಜವಾಗಿಯೂ ಕಾಲು ಮುಂದಾಗಿ ಹುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು. "ನನಗೆ ಏನೂ ಗೊತ್ತಾಗಲ್ಲಮ್ಮ. ದೇವರಾಣೆ," ಎಂದರು. ಗೋಪಾಲಮ್ಮ ತಲೆಯಾಡಿಸಿದರು. ನಂಬಲಿಲ್ಲ. ಇವರಿಗೆ ಕಾಣುತ್ತಿದೆ, ಆದರೆ ಹೇಳುವಂಥದ್ದಲ್ಲ ಎಂದು ತಿಳಿದುಕೊಂಡು ಕಣ್ಣೊರೆಸಿಕೊಂಡರು.

ಅಷ್ಟು ಹೊತ್ತೂ ಮುನಿರಾಮಯ್ಯನವರು ಲೋಟವನ್ನು ನೋಡುತ್ತಿದ್ದರು. ಹೋಗುವಾಗ ಬೆರಳಿನಿಂದ ಬಾಗಿದ ಮರವನ್ನು ಮುಟ್ಟಿ, "ನೆಳ್ಳು ಚೆನ್ನಾಗೈತೆ," ಎಂದರು.

ಅದಾಗಿ ಕೆಲವೇ ದಿನಕ್ಕೆ ಮುನಿರಾಮಯ್ಯ ಕಾಣೆಯಾದರು.

ಬೆಳಿಗ್ಗೆ ಹಸುವಿಗೆ ನೀರಿಡಲು ಹೋದ ಗೋಪಾಲಮ್ಮ ತಿರುಗಿ ನೋಡುವಷ್ಟರಲ್ಲಿ ಜಗಲಿ ಖಾಲಿ. ಕೊಡಿಗೇಹಳ್ಳಿಯ ಸಂದುಗೊಂದು, ರೈಲ್ವೆ ಗೇಟು, ಏರ್‌ಪೋರ್ಟ್ ರಸ್ತೆಯ ಎರಡೂ ಬದಿ ಹುಡುಕಿದರು. ಮಧ್ಯಾಹ್ನ ಬಿಸಿಲು ಏರಿತು. ಹೆಸರೂ ಗೊತ್ತಿಲ್ಲದ, ಊರೂ ಗೊತ್ತಿಲ್ಲದ ಮುದುಕನನ್ನು ಆ ರಸ್ತೆಯ ಲಾರಿಗಳ ನಡುವೆ ನೆನೆಸಿಕೊಂಡು ಎಲ್ಲರೂ ಇನ್ನೊಂದು ಸುತ್ತು ಹುಡುಕಿದರು. ಆಮೇಲೆ ಎಲ್ಲರೂ ಒಟ್ಟಾಗಿ ರಘುನಾಥರ ಮನೆಗೆ ಬಂದರು. ರಾಧಾಮಣಿ ಬಂದರು, ಪಂಚಪ್ಪ ಜೀಪಿನಲ್ಲಿ ಬಂದ. ಏನೋ ಜಗಳವಾಗಿರಬೇಕೆಂದು ದಾರಿಯಲ್ಲಿ ಹೋಗುತ್ತಿದ್ದವರೂ ಬಂದರು.

"ನೋಡಿ ಸ್ವಾಮಿ," ಎಂದರು ಗೋಪಾಲಮ್ಮ. ಅಷ್ಟೇ.

"ನನಗೆ ಕಾಣಲ್ಲ ಕಣ್ರಪ್ಪಾ! ಇದು ಬೊಹೀಮಿಯಾ ಗ್ಲಾಸು! ನಾನು ಸ್ಟೋರಲ್ಲಿದ್ದೋನು!"

"ಸರ, ಈಗ ನಾಟಕ ಬ್ಯಾಡ್ರಿ," ಎಂದ ಪಂಚಪ್ಪ. "ಜೀವದ ಪ್ರಶ್ನೆ ಐತಿ."

ಕಲಾವತಿಯಾದರೂ ಕಾಪಾಡಬಹುದೆಂದು ರಘುನಾಥರು ಅವರತ್ತ ನೋಡಿದರು. ವರ್ಷಗಟ್ಟಲೆ ಅವರನ್ನು ಆಡಿಕೊಂಡಿದ್ದ ಕಲಾವತಿ ಈಗ ನಗಲಿಲ್ಲ. "ಒಂದ್ಸಲ ನೋಡ್ರೀ," ಎಂದು ಮೆಲ್ಲಗೆ ಹೇಳಿದರು. "ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ರಘುನಾಥರು ಕೂತರು. ಭೂತಗನ್ನಡಿ ಸಿಕ್ಕಿಸಿಕೊಂಡರು. ಸುತ್ತ ಮನೆ ತುಂಬ ಜನ. ಜಿಂಕೆ ಇತ್ತು. ಹುಲ್ಲಿತ್ತು. ಹುಲ್ಲಿನಲ್ಲಿ ಯಾರೋ ನಡೆದುಹೋದ ಹಾಗೆ ಒಂದು ಗೆರೆ ಬಾಗಿತ್ತು. ಅದು ಮೊದಲು ಇತ್ತೋ ಇಲ್ಲವೋ, ಇಷ್ಟು ದಿನ ಇಂಚಿಂಚು ನೋಡಿದವರಿಗೂ ಈಗ ನೆನಪಾಗಲೊಲ್ಲದು. ಆ ಗೆರೆ ಹಿಡಿದು ಹೋದರು. ಮರ. ಮರದ ಕೆಳಗೆ ಬಂಡೆ. ಬಂಡೆಯ ಪಕ್ಕದಲ್ಲಿ ಒಂದು ಚೂರು, ಧೂಳೇ ಇರಬೇಕು ಎಂದು 'ಹಾ' ಎಂದು ಉಸಿರು ಬಿಟ್ಟರು.

ಗಾಜಿನ ಹೊರಮೈಯಲ್ಲಿ ಮಂಜು ಕೂತಿತು, ಹೋಯಿತು. ಆದರೆ ಬಂಡೆಯ ಹತ್ತಿರ, ಸಾಸಿವೆ ಕಾಳಿನಷ್ಟು ಜಾಗದಲ್ಲಿ, ಮಂಜು ಉಳಿದೇ ಇತ್ತು. ರಘುನಾಥರು ಬೆರಳಿನಿಂದ ಒರೆಸಿದರು. ಹೋಗಲಿಲ್ಲ. ಅದು ಗಾಜಿನ ಒಳಮೈಯಲ್ಲಿತ್ತು. ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಅಲ್ಲಿ ಯಾರೋ ಉಸಿರಾಡುತ್ತಿದ್ದರು.

"ಬಂಡೆ," ಎಂದರು ರಘುನಾಥರು. "ದೊಡ್ಡ ಬಂಡೆ. ಮೇಲೆ ಬಾಗಿದ ಮರ. ಯಾರೋ ಕೂತಿದ್ದಾರೆ. ತಲೆಗೆ ಬಟ್ಟೆ ಸುತ್ತಿದೆ."

"ಸಿಂಗಾಪುರದ ಕೆರೆ ಇಂದ್ಗಡೆ!" ಎಂದು ಗೋಪಾಲಮ್ಮ ಚೀರಿದರು. "ಮದ್ವೆಗೆ ಮುಂಚೆ ನಾವು ಅಲ್ಲೇ ದನ ಮೇಯ್ಸ್ತಿದ್ದು!"

ಜೀಪು ಹೊರಟಿತು. ರಘುನಾಥರನ್ನೂ ಎತ್ತಿ ಹಾಕಿಕೊಂಡರು. ಕಣ್ಣಿನ ಭೂತಗನ್ನಡಿ ತೆಗೆಯಲು ಪುರುಸೊತ್ತಿರಲಿಲ್ಲ. ಕೊಡಿಗೇಹಳ್ಳಿಗೆ ಆಚೆಯ ಹಳ್ಳಿ ಸಿಂಗಾಪುರದ ಬಡಾವಣೆಗಳನ್ನು ದಾಟಿ, ಇನ್ನೂ ಸೈಟುಗಳಾಗದೆ ಉಳಿದ ಒಂದು ತುಂಡು ನೆಲದ ಹತ್ತಿರ ಇಳಿದು ಓಡಿದರು. ಬಾಗಿದ ಮರವಿತ್ತು. ಬಂಡೆ ಇತ್ತು. ನೆರಳಿನಲ್ಲಿ ಟವೆಲ್ಲು ಸುತ್ತಿಕೊಂಡು ಮುನಿರಾಮಯ್ಯ ಆರಾಮಾಗಿ ಕೂತಿದ್ದರು. ಕೈಯಲ್ಲೊಂದು ಕಲ್ಲಿನ ಚೂರು.

ಗೋಪಾಲಮ್ಮನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. "ಇಲ್ಲೇನ್ ಮಾಡ್ತಿದ್ದೀರಾ? ಪ್ರಾಣ ಓಯ್ತು ನಂಗೆ!"

"ಕಣ್ಣು ನೋಡ್ತಿದ್ದೆ," ಎಂದರು ಮುನಿರಾಮಯ್ಯ.

"ಯಾವ ಕಣ್ಣೋ ಅಜ್ಜಾ?" ಎಂದ ಪಂಚಪ್ಪ.

"ಮ್ಯಾಲೆ. ಒಂದೇ ಕಣ್ಣು. ಕೆರೆ ಅಗಲ ಇತ್ತು. ಆಕಾಸ ಎಲ್ಲಾ ಕೆಂಪಗಿತ್ತು. ಅದು ಬಗ್ಗಿ ಬಗ್ಗಿ ನೋಡ್ತು, ಪಿಳುಕ್ ಅಂತು. ಆಮ್ಯಾಕೆ ಉಸ್ರು ಬಿಡ್ತು, ಸುತ್ತಾ ಮಂಜು ಕವೀತು."

ಜನ ಗೊಳ್ಳೆಂದು ನಕ್ಕರು. ಮುದುಕ ಸಿಕ್ಕ ಸಂತೋಷದಲ್ಲಿ ಏನು ಹೇಳಿದರೂ ನಗುತ್ತಿದ್ದರು. ನಗದೆ ಇದ್ದವರು ರಘುನಾಥರೊಬ್ಬರೇ. ಅವರು ಕಣ್ಣಿನಿಂದ ಭೂತಗನ್ನಡಿ ಕಿತ್ತು ಜೇಬಿಗೆ ತುರುಕಿದರು. ಆಮೇಲೆ, ಬೇಡ ಬೇಡವೆಂದರೂ, ಒಂದು ಸಲ ತಲೆ ಎತ್ತಿ ಆಕಾಶ ನೋಡಿದರು. ಮೋಡ ಕೂಡ ಇರಲಿಲ್ಲ. ಆದರೂ ಮರದ ನೆರಳಿಗೆ ಸರಿದು ನಿಂತರು.

"ಭಯ ಆಗ್ಲಿಲ್ವಾ ಯಜಮಾನ್ರೇ?" ಎಂದು ಮೆಲ್ಲಗೆ ಕೇಳಿದರು.

"ಯಾಕಾಯ್ತದೆ? ಪಾಪದ ಕಣ್ಣು. ಅದ್ಯಾರ್ದೋ ಎಸ್ರು ಉಡುಕ್ತಾ ಐತೆ, ಸಿಗ್ತಾ ಇಲ್ಲ. ನಂಗೆ ಅಯ್ಯೋ ಅನಿಸ್ತು. ಓಗ್ಲಿ ಅಂತ ನಂದೇ ಬರ್ದೆ. ಒಂಟಿ ಎಸ್ರು ಚಂದಾಕಿರಲ್ಲ ಅಂತ ಪಕ್ಕದಾಗೆ ಅವಳ್ದೂ ಬರ್ದೆ."

"ಯಾರ್ದು?"

ಮುನಿರಾಮಯ್ಯನವರು ಎಂಥ ಪ್ರಶ್ನೆ ಎಂಬಂತೆ ನೋಡಿದರು. "ನಮ್ ಗೋಪಾಲೀದು."

ಗೋಪಾಲಮ್ಮ ನಿಂತಲ್ಲೇ ನೆಲಕ್ಕೆ ಕೂತುಬಿಟ್ಟರು. ಪಂಚಪ್ಪ ಬಂಡೆಯ ಸುತ್ತ ಒಂದು ಸುತ್ತು ಬಂದ. "ಬಂಡಿ ಮ್ಯಾಲೆ ಏನೂ ಬರದಿಲ್ಲಲ್ರಿ," ಎಂದ. "ಒಂದು ಗೀರು ಸುದ್ದಾ ಇಲ್ಲ."

ರಘುನಾಥರು ಮನೆಗೆ ಬಂದವರೇ ಲೋಟದ ಮುಂದೆ ಕೂತರು. ಬಂಡೆಯ ಬಳಿ ಈಗ ಯಾರೂ ಇರಲಿಲ್ಲ, ಗಾಜು ತಿಳಿಯಾಗಿತ್ತು. ಬಂಡೆಯ ಮೈಮೇಲೆ, ನೂರು ಸಲ ನೋಡಿ ಏನೂ ಇಲ್ಲವೆಂದು ಬಿಟ್ಟಿದ್ದ ಜಾಗದಲ್ಲಿ, ಸೊಟ್ಟಪಟ್ಟ ಕನ್ನಡ ಅಕ್ಷರದಲ್ಲಿ ಎರಡು ಹೆಸರುಗಳಿದ್ದವು. ಮುನಿರಾಮ. ಗೋಪಾಲಿ.

ಕಲಾವತಿ ಕಾಫಿ ತಂದು, "ಸಿಕ್ತಾ ನಿಮ್ಮ ಗುರುತು?" ಎಂದರು.

"ಸಿಕ್ತು."

"ಯಾರದ್ದಂತೆ?"

"ನಮ್ಮ ಕಡೆಯವರದೇ," ಎಂದು ರಘುನಾಥರು ಕಾಫಿ ತಣ್ಣಗಾಗುವ ಮುಂಚೆ ಕುಡಿದರು.

ಭಾನುವಾರ ಸುಬ್ರಮಣಿ ಬಂದ. ಕುಸ್ತಿಗೆ ಸಿದ್ಧವಾಗಿಯೇ ಬಂದಿದ್ದ. ಲೋಟ ಎತ್ತಿ, ತಿರುಗಿಸಿ, ಭೂತಗನ್ನಡಿ ಹಿಡಿದು ನೋಡಿ, ಕುರ್ಚಿಯಿಂದ ಎಗರಿದ.

"ಭಾವ! ಕನ್ನಡ ಅಕ್ಷರ! ಬೊಹೀಮಿಯಾದಲ್ಲಿ ಕನ್ನಡ ಬರೆಯೋರು ಯಾರ್ರೀ ಇದ್ದಾರೆ? ಆ ಅಂಗಡಿಯೋನು ನಿಮಗೆ ಸರಿಯಾಗಿ ಟೋಪಿ ಹಾಕಿದಾನೆ!"

"ಹೌದು ಸುಬ್ಬು," ಎಂದರು ರಘುನಾಥರು. "ನಿಂದೇ ಅಸಲಿ."

ಸುಬ್ರಮಣಿಗೆ ಇದು ನಿರೀಕ್ಷೆ ಇರಲಿಲ್ಲ. ಗೆದ್ದ ಖುಷಿಯೂ ಇಲ್ಲದೆ, ಜಗಳವೂ ಇಲ್ಲದೆ, ಭಾವನಿಗೆ ಸಕ್ಕರೆ ಏರಿರಬೇಕೆಂದು ಅಕ್ಕನನ್ನು ವಿಚಾರಿಸಿ, ಅರ್ಧ ಕಾಫಿಗೇ ಎದ್ದು ಹೋದ.

ಅವನು ಹೋದ ಮೇಲೆ ಗೋಪಾಲಮ್ಮ ಹಾಲು ತಂದರು. ಮುಖ ಬಾಡಿತ್ತು. ಬಂಡೆಯಿಂದ ಮನೆಗೆ ಬಂದು ಮಲಗಿ ಎದ್ದ ಮುನಿರಾಮಯ್ಯ ಮತ್ತೆ ಎಲ್ಲವನ್ನೂ ಮರೆತಿದ್ದರು. ಬೆಳಿಗ್ಗೆ ಮುದ್ದೆ ಬಡಿಸಿದಾಗ, "ಯಾರವ್ವಾ ನೀನು, ಪುಣ್ಯಾತ್ಗಿತ್ತಿ," ಎಂದಿದ್ದರಂತೆ. "ಒಂದೇ ಕಿತ ಕೂಗಿ ಓಗ್ಬಿಟ್ರು ಸ್ವಾಮಿ. ಕೂಗಿದ್ರೋ, ನಂಗೇ ಅಂಗ್ ಕೇಳ್ತೋ," ಎಂದರು.

ರಘುನಾಥರು ಈ ಸಲ 'ನನಗೆ ಕಾಣಲ್ಲ' ಎನ್ನಲಿಲ್ಲ. ಗೋಪಾಲಮ್ಮನನ್ನು ಒಳಗೆ ಕರೆದು, ಕುರ್ಚಿ ಎಳೆದು ಕೂರಿಸಿದರು. ಲೋಟವನ್ನು ಕಿಟಕಿಯ ಬೆಳಕಿಗಿಟ್ಟು ಭೂತಗನ್ನಡಿ ಕೈಗೆ ಕೊಟ್ಟರು. "ನಿಮಗೆ ಓದೋಕೆ ಬರುತ್ತಾ ಅಮ್ಮ?"

"ಬಸ್ ಬೋರ್ಡು ಓದ್ತೀನಿ. ನನ್ನೆಸ್ರು ಓದ್ತೀನಿ."

"ಸಾಕು. ಮರದ ಕೆಳಗೆ ಬಂಡೆ ಇದೆ ನೋಡಿ. ಅವರು ಬರೆದಿದ್ದು ಅಲ್ಲಿದೆ. ಅಲ್ಲಿಂದ ಅಳಿಸಿಹೋಗಲ್ಲ."

ಗೋಪಾಲಮ್ಮ ಭೂತಗನ್ನಡಿಯನ್ನು ಕಣ್ಣಿನ ಹತ್ತಿರ ಒಯ್ದು, ತಟ್ಟನೆ ನಿಲ್ಲಿಸಿದರು.

"ಸ್ವಾಮಿ, ಅಲ್ಲಿಂದ ಅವ್ರಿಗೆ ನಾನು ಕಾಣ್ತೀನಾ?"

"ಕಾಣ್ತೀರಮ್ಮ," ಎಂದರು ರಘುನಾಥರು. "ತುಂಬಾ ದೊಡ್ಡದಾಗಿ ಕಾಣ್ತೀರ."

ಗೋಪಾಲಮ್ಮ ಭೂತಗನ್ನಡಿಯನ್ನು ಕೆಳಗಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು, ಕೆದರಿದ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಸವರಿಕೊಂಡರು, ಕುಂಕುಮ ನೆಟ್ಟಗಿದೆಯೇ ಎಂದು ಕಲಾವತಿಯನ್ನು ಕೇಳಿದರು. ಆಮೇಲೆ ಬಗ್ಗಿ, ಲೋಟಕ್ಕೆ ಕಣ್ಣಿಟ್ಟರು.